ಅವ್ವ ಮಾಡಿದ ಮೊಸಳೆ

ನನ್ನ ಮೊಮ್ಮಗಳ ಹೆಬ್ಬೆಟ್ಟು ನಿನ್ನೆ ಬಿತ್ತು! ಇದನ್ನು ಮೊದಲು ಹೇಳಿಬಿಡುತ್ತೇನೆ, ಮಿಕ್ಕದ್ದೆಲ್ಲ ಆಮೇಲೆ. ಬೆಳಿಗ್ಗೆ ಎಂಟು ಹೊಡೆಯುವ ಮುಂಚೆ ತಾಂಡ್ಯದ ಕಾರ್ಖಾನೆ ಬಾಗಿಲಲ್ಲಿ ಹಾಜರಿ ಮಿಷನ್ನಿನ ಮೇಲೆ ಸಿಂಚನ ಬೆರಳಿಟ್ಟಳಂತೆ, ಒಂದೇ ಸಲಕ್ಕೆ ಟಿಣ್ ಅಂತ ಹಸಿರು ದೀಪ ಹತ್ತಿತಂತೆ. ಹತ್ತು ಗಂಟೆಗೆ ಮೇಲಿನವರು ಕರೆದು, ಇನ್ನು ಮೇಲೆ ನೀನು ಕಾಯಂ ಕಣಮ್ಮ ಅಂದರಂತೆ. ಅಲ್ಲಿಂದಲೇ ಫೋನು ಮಾಡಿದಳು. "ಬಿತ್ತು ಕಣಜ್ಜಿ, ಬಿತ್ತು!" ಅಂತ ಅವಳು ಕೂಗಿದ್ದು, ಅದಕ್ಕೆ ನಾನು "ಬಿತ್ತಾ? ಬಿತ್ತಾ?" ಅಂತ ಅದಕ್ಕಿಂತ ಜೋರಾಗಿ ಕೂಗಿದ್ದು ಪಕ್ಕದ ಮನೆಗೆ ಕೇಳಿಸಿ, ಯಾರು ಎಲ್ಲಿ ಬಿದ್ದರೋ ಅಂತ ಅವರು ನೀರಿನ ಚೊಂಬು ಹಿಡಿದೇ ಓಡಿಬಂದರು. ಬಿದ್ದದ್ದು ಹೆಬ್ಬೆಟ್ಟು ಕಣ್ರವ್ವ ಅಂತ ಹೇಳಿ ಅವರ ಬಾಯಿಗೊಂದಿಷ್ಟು ಸಕ್ಕರೆ ಹಾಕಿ ಕಳಿಸಿದೆ. ಮಂಡಿ ನೋವಿನಲ್ಲಿ ಮೆಟ್ಟಿಲು ಹತ್ತಲಾರದ ನಾನು ಅಡುಗೆಮನೆಯಲ್ಲಿ ಒಬ್ಬಳೇ ಎರಡು ಸುತ್ತು ಕುಣಿದೆ. ನಂಜನಗೂಡಿನ ನಮ್ಮ ಈ ಬಾಡಿಗೆ ಮನೆಯಲ್ಲಿ ಕುಣಿಯುವಷ್ಟು ಜಾಗ ಇದೆ ಅಂತ ನನಗೆ ನಿನ್ನೆಯೇ ಗೊತ್ತಾದದ್ದು.

ಹೆಬ್ಬೆಟ್ಟು ಬೀಳುವುದು ಅಂಥಾ ದೊಡ್ಡ ಸಂಗತಿಯಾ ಅಂತ ನೀವು ಕೇಳಬಹುದು. ನಮಗೆ ದೊಡ್ಡದೇ. ಸಿಂಚನ ನನ್ನ ಮಗಳ ಮಗಳು, ಐ.ಟಿ.ಐ.ಯಲ್ಲಿ ಲೇತ್ ಕೆಲಸ ಕಲಿತವಳು. ಅವಳ ಕಾರ್ಖಾನೆ ಅಂದರೆ ಹತ್ತು ಹದಿನೈದು ಜನ ಇರುವ ಒಂದು ಶೆಡ್ಡು. ಅಲ್ಲಿ ಮರದ ಪೆನ್ನು ಮಾಡುತ್ತಾರೆ. ಬೆರಳುದ್ದದ ಬೀಟೆ ಮರದ ತುಂಡಿಗೆ ಉದ್ದಕ್ಕೂ ತೂತು ಕೊರೆದು, ಒಳಗೆ ಹಿತ್ತಾಳೆ ಕೊಳವೆ ಕೂರಿಸಿ, ಲೇತಿಗೆ ಸಿಕ್ಕಿಸಿ ಉಳಿ ಹಿಡಿದು ಕಡೆಯುತ್ತಾರೆ. ಕಡೆದಾದ ಮೇಲೆ ಉಪ್ಪುಕಾಗದ ಹಿಡಿದು ಉಜ್ಜಬೇಕು. ಮರ ಗಿರ್ರನೆ ತಿರುಗುತ್ತಿರುತ್ತದೆ, ಕಾಗದವನ್ನು ಮಡಿಸಿ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಮರಕ್ಕೆ ಒತ್ತಿಕೊಂಡಿರಬೇಕು. ಮಡಿಸಿದ ಕಾಗದದ ಒಂದು ಮೈ ಮರವನ್ನು ತಿಂದರೆ ಇನ್ನೊಂದು ಮೈ ಬೆರಳನ್ನು ತಿನ್ನುತ್ತದೆ. ಸೇರಿದ ಎರಡೇ ತಿಂಗಳಿಗೆ ಅವಳ ಹೆಬ್ಬೆರಳ ಗೆರೆ ಅಳಿಸಿಹೋಯಿತು. ಹಾಜರಿ ಮಿಷನ್ನಿನ ಮೇಲೆ ಬೆರಳಿಟ್ಟರೆ ಕೆಂಪು ದೀಪ. ಒಳಗಿಂದ ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಮತ್ತೆ ಒತ್ತು, ಮತ್ತೆ ಒತ್ತು ಅನ್ನುವುದು. ಬೇರೆ ಬೆರಳು ಇಟ್ಟರೂ ಅದೇ ಗತಿ. ದಿನಾ ಹೋದರೂ ಗೈರು. ಅಲ್ಲಿಯ ಸೂಪರ್‌ವೈಜರು ಒಳ್ಳೆಯ ಮನುಷ್ಯನೇ. "ನೀನು ಬಂದಿರೋದು ನನ್ ಕಣ್ಗೆ ಕಾಣ್ತದೆ ಕಣಮ್ಮ, ಮಿಷನ್ ಕಣ್ಗೂ ಕಾಣ್ಬೇಕಲ್ಲ" ಅಂದನಂತೆ. ಬೆರಳು ಬಿದ್ದರೆ ಕಾಯಂ, ಇಲ್ಲದಿದ್ದರೆ ಮುಂದಿನ ತಿಂಗಳ ಕೊನೆಗೆ ಮನೆಗೆ ಅಂತ ಮಾತಾಯಿತು.

ಹಾಗೆ ಮಾತಾದ ದಿನ ಸಂಜೆ ಅವಳು ಬಂದು, ದಿನದ ಹಾಗೆ ಕೈಕಾಲು ತೊಳೆಯದೆ ನನ್ನ ಪಕ್ಕ ಕೂತು, ಎರಡೂ ಕೈಯನ್ನು ನನ್ನ ಮಡಿಲಿಗೆ ಹಾಕಿಬಿಟ್ಟಳು. ಆ ಕೈಯಿಂದ ಎದ್ದು ಬಂತು ನೋಡಿ ಒಂದು ವಾಸನೆ. ತಿಕ್ಕಿ ತಿಕ್ಕಿ ಬಿಸಿಯಾದ ಮರದ ಪುಡಿಯ ವಾಸನೆ, ಒಂದಿಷ್ಟು ಸಿಹಿ, ಒಂದಿಷ್ಟು ಒಗರು, ಕೊನೆಯಲ್ಲಿ ತಳ ಹಿಡಿದ ಹಾಲಿನಂಥ ಒಂದು ಕಮರು. ಐವತ್ತು ವರ್ಷದಿಂದ ಅದು ನನ್ನ ಮೂಗಿಗೆ ಬಿದ್ದಿರಲಿಲ್ಲ. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ, ಎಲ್ಲಿಂದಲೋ ಬಂದು ಇಲ್ಲದ ಮನೆಯ ಬಾಗಿಲು ತೆಗೆದುಬಿಡುವಂಥದ್ದು. ನಾನು ಅವಳ ಹೆಬ್ಬೆರಳು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದೆ. ಹುಣಸೆಬೀಜದ ಹಾಗೆ ಹೊಳೆಯುತ್ತಿತ್ತು, ಒಂದು ಗೆರೆ ಇಲ್ಲ. ಆ ಬೆರಳು ನನಗೆ ಗೊತ್ತಿತ್ತು. "ಅವ್ವಾ" ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಮಗಾ, ಮೂಲೇಲಿ ಬಿದ್ದಿರೋ ಹಳೇ ಹವಾಯಿ ಚಪ್ಲಿ ತಗೊಂಡ್ ಬಾ" ಅಂದೆ.

ನಂಜನಗೂಡಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಕಪಿಲೆಯ ದಂಡೆಗೆ ಅಂಟಿಕೊಂಡ ಊರು ನಮ್ಮದು. ನಾಡಹೆಂಚಿನ ಸಣ್ಣ ಮನೆ, ಮುಂದೆ ಅಗಲವಾದ ಜಗಲಿ. ಜಗಲಿಯೇ ನಮ್ಮ ಕಾರ್ಖಾನೆ. ಲೇತ್ ಅನ್ನುವ ಮಾತು ನಮಗೆ ಗೊತ್ತಿರಲಿಲ್ಲ, ಅದನ್ನು ತಿರುಗಣಿ ಅನ್ನುತ್ತಿದ್ದೆವು. ನಾನು ಕೈಗೂಸಾಗಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಮನೆಯಲ್ಲಿ ಮೂವರೇ, ಅಪ್ಪನ ಅಪ್ಪ ತಾತ, ಅವ್ವ, ನಾನು. ತಾತ ಹಲಗೆಯನ್ನು ಕಾಲಲ್ಲಿ ತುಳಿದರೆ ತಿರುಗಣಿ ಗುಂಯ್ ಅನ್ನುತ್ತಿತ್ತು, ಉಳಿ ತಾಕಿಸಿದರೆ ಅದರ ದನಿ ಬದಲಾಗಿ ಎಮ್ಮೆಕರು ಕೂಗಿದ ಹಾಗಾಗುತ್ತಿತ್ತು. ಬೆಳಿಗ್ಗೆ ನಾನು ಏಳುತ್ತಿದ್ದದ್ದೇ ಆ ಕೂಗಿಗೆ. ಹಸಿ ಹಾಲೆಮರದಿಂದ ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದು ತಾತನ ಎದೆಗೂದಲ ಮೇಲೆ ಬಿದ್ದು ಅಲ್ಲೇ ತೂಗಾಡುತ್ತಿತ್ತು. ಒಳ್ಳೊಳ್ಳೆಯ ಸುರುಳಿ ಆರಿಸಿ ನಾನು ಕೈಗೆ ಬಳೆ, ಕಿವಿಗೆ ಲೋಲಾಕು ಮಾಡಿಕೊಳ್ಳುತ್ತಿದ್ದೆ, ಸಂಜೆಗೆ ನನ್ನ ಒಡವೆಯೆಲ್ಲ ನೀರೊಲೆಗೆ ಹೋಗುತ್ತಿತ್ತು. ಸ್ನಾನದ ನೀರಿಗೂ, ಒಗೆದ ಬಟ್ಟೆಗೂ, ಅವ್ವನ ತಲೆಗೂದಲಿಗೂ ಮರದ ವಾಸನೆ. ಪರಸ್ಥಳದಲ್ಲಿ ಮಲಗಿದರೆ ಆ ವಾಸನೆ ಇಲ್ಲದೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ತಾತ ಕಡೆದರೆ ಅವ್ವ ಉಜ್ಜುತ್ತಿದ್ದಳು. ಒರಟು ಕಾಗದ, ನಡುವಣ ಕಾಗದ, ನಯದ ಕಾಗದ, ಮೂರು ಸುತ್ತು. ಐದು ವರ್ಷದವಳಿದ್ದಾಗ ಉಪ್ಪುಕಾಗದ ಅನ್ನುವ ಹೆಸರು ನಂಬಿ ನಾನು ಅದನ್ನು ನೆಕ್ಕಿ ನೋಡಿದ್ದೆ. ನಾಲಗೆ ಕೆರೆದು ರಕ್ತ ಬಂದು ನಾನು ಅಳುತ್ತಿದ್ದರೆ ಅವ್ವ ನಗು ತಡೆಯಲಾರದೆ, "ಉಪ್ಪು ಸರ್ಯಾಗದ್ಯಾ ಮಗಾ? ಸಾರ್ಗೆ ಒಂದ್ ತುಂಡು ಆಕನ ಬಾ" ಅಂದಿದ್ದಳು. ಲಟ್ಟಣಿಗೆ, ಮಂಚದ ಕಾಲು, ಬುಗುರಿ, ತೊಟ್ಟಿಲ ಗುಂಡು ಎಲ್ಲ ಮಾಡುತ್ತಿದ್ದರು. ಆದರೆ ಜಾಸ್ತಿ ಮಾಡುತ್ತಿದ್ದದ್ದು ನಿಬ್ಬು ಸಿಕ್ಕಿಸುವ ಪೆನ್ನಿನ ಹಿಡಿ. ಆಗ ಆಫೀಸುಗಳಲ್ಲಿ ಮಸಿಯಲ್ಲಿ ಅದ್ದಿ ಬರೆಯುವ ಪೆನ್ನು ಇನ್ನೂ ಇರುತ್ತಿತ್ತಲ್ಲ, ಅದರ ಹಿಡಿ. ನಂಜನಗೂಡಿನ ಅಂಗಡಿಯವರೊಬ್ಬರು ನೂರು ನೂರು ಹೇಳಿ ಮಾಡಿಸುತ್ತಿದ್ದರು. ಅಷ್ಟು ಸಣ್ಣ ಹಿಡಿಯನ್ನು ಉಜ್ಜಲು ಅಂಗೈ ಸಾಲದು, ಎಲ್ಲ ಭಾರವೂ ಹೆಬ್ಬೆರಳ ಮೇಲೆ. ಉಜ್ಜಿ ಮುಗಿಸಿದ ಒಂದೊಂದನ್ನೂ ಅವ್ವ ತನ್ನ ಕೆನ್ನೆಯ ಮೇಲೆ ಉರುಳಿಸಿ ನೋಡುತ್ತಿದ್ದಳು. ಎಲ್ಲಾದರೂ ಒಂದು ಎಳೆ ತಾಕಿದರೆ ಮತ್ತೆ ತಿರುಗಣಿಗೆ. "ಸಾಕ್ ಬುಡವ್ವ, ಯಾರ್ ನೋಡ್ತರೆ" ಅಂತ ತಾತ ಅಂದರೆ, "ಬರ್ಯೋರ್ ಕೈಗೆ ಚುಚ್ಬಾರ್ದು ಕಣ್ ಮಾವ" ಅನ್ನುತ್ತಿದ್ದಳು. ಅವಳು ಅಕ್ಷರದ ಕಡೆ ತಲೆ ಹಾಕಿದವಳಲ್ಲ.

ನಮ್ಮೂರ ಸ್ಕೂಲು ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು. ನಾನು ಏಳು ಪಾಸಾದ ವರ್ಷ ಮೇಷ್ಟ್ರು ನಮ್ಮ ಜಗಲಿಗೆ ಬಂದು ಕೂತು, ಇವಳನ್ನು ನರಸೀಪುರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ಹಾಕಿ, ಹೈಸ್ಕೂಲು ಓದಲಿ ಅಂತ ಹೇಳಿ ತಾವೇ ಫಾರಂ ತುಂಬಿದರು. ಪೋಷಕರು ಅನ್ನುವ ಕಡೆ ಅವ್ವನ ಹೆಸರು ಬರೆದರು, ಚಿಕ್ಕತಾಯಮ್ಮ. ತನ್ನ ಹೆಸರು ಕಾಗದದ ಮೇಲೆ ಹೇಗಿದೆ ಅಂತ ಅವ್ವ ಮೂರು ಸಲ ನನ್ನ ಕೈಲಿ ತೋರಿಸಿಕೊಂಡಳು. ಊರವರು ಹೆಣ್ಣುಮಗಳನ್ನು ಅಷ್ಟು ದೂರ ಯಾಕೆ ಅಂದರೆ, "ನಮ್ಮೂರ್ ಒಳೆ ನೀರೇ ನರ್ಸೀಪುರಕ್ಕೋಗಿ ಕಾವೇರಿ ಸೇರ್ಕತದೆ, ನನ್ ಮಗ್ಳು ಓಗಕ್ಕೇನು?" ಅನ್ನುತ್ತಿದ್ದಳು. ಹೋಗುವ ದಿನ ನನ್ನ ಜಡೆಗೆ ಎಣ್ಣೆ ಸುರಿದು ಬಿಗಿಯಾಗಿ ಹೆಣೆದಳು, ತಾನು ಮದುವೆಯ ಸೀರೆ ಉಟ್ಟಳು. ಬಸ್ಸಿನಲ್ಲಿ ಕಂಡಕ್ಟರು ಕೇಳದೇ ಇದ್ದರೂ, ಹಾಸ್ಟೆಲಿಗೆ ಸೇರಿಸಲು ಹೋಗುತ್ತಿದ್ದೇವೆ ಅಂತ ಅವನಿಗೂ ಹೇಳಿದಳು.

ಆಫೀಸಿನಲ್ಲಿ ಬೆಂಚಿನ ತುಂಬ ನನ್ನ ವಯಸ್ಸಿನ ಹುಡುಗಿಯರು. ಅವರ ಜೊತೆ ಅಪ್ಪಂದಿರು, ಬಿಳೀ ಷರಟಿನ ಜೇಬಿನಲ್ಲಿ ಪೆನ್ನು. ಒಬ್ಬೊಬ್ಬರಾಗಿ ಹೋಗಿ ಸರ್‌ಸರ್ ಅಂತ ರುಜು ಹಾಕಿ ಬರುತ್ತಿದ್ದರು. ನಮ್ಮ ಸರದಿ ಬಂತು. ಗುಮಾಸ್ತರು ಮಸಿಯ ಡಬ್ಬಿ ಮುಂದೆ ತಳ್ಳಿದರು. ಅವ್ವ ಬಲಗೈ ಹೆಬ್ಬೆರಳು ಅದ್ದಿ ಒತ್ತಿದಳು. ದುಂಡಗೆ ಒಂದು ಕಪ್ಪು ಬೊಟ್ಟು. ಗುಮಾಸ್ತರು ಕನ್ನಡಕ ಮೇಲೆತ್ತಿ ನೋಡಿ, ಇನ್ನೊಂದು ಸಲ ಅಂದರು. ಇನ್ನೊಂದು ಬೊಟ್ಟು. ಮೂರನೇ ಸಲ ತಾವೇ ಅವ್ವನ ಬೆರಳು ಹಿಡಿದು ಉರುಳಿಸಿ ಒತ್ತಿಸಿದರು. "ಏನವ್ವ ಇದು, ಎಬ್ಬೆಟ್ಟು ಒತ್ತು ಅಂದ್ರೆ ಕಾಗ್ದಕ್ಕೆ ದೃಷ್ಟಿಬೊಟ್ಟು ಇಡ್ತಾ ಇದ್ದೀಯಲ್ಲ! ಗೆರೇನೆಲ್ಲ ಮನೇಲೇ ಬುಟ್ಬುಟ್ ಬಂದಾ?" ಅಂದರು. ಬೆಂಚು ಪೂರ್ತಿ ನಕ್ಕಿತು. ಕೆಂಪು ಟೇಪಿನ ಎರಡು ಜಡೆಯ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕದ್ದು ಇವತ್ತೂ ನನ್ನ ಕಣ್ಣ ಮುಂದಿದೆ. ಅವ್ವನೂ ನಕ್ಕಳು. ಅದು ನನಗೆ ತಡೆಯಲಾಗಲಿಲ್ಲ. ಅಷ್ಟರಲ್ಲಿ ಅವಳ ಕಣ್ಣು ಗುಮಾಸ್ತರ ಕೈಯಲ್ಲಿದ್ದ ಪೆನ್ನಿನ ಮೇಲೆ ಬಿತ್ತು. "ಸಾ, ಅದು ನಮ್ಮನೇದು! ನಮ್ ಮಾವ ಕಡ್ದುದ್ದು, ನಾನೇ ಉಜ್ಜುದ್ದು. ಕೆನ್ನೆಗಿಟ್ ನೋಡಿ ಸಾ, ಎಂಗದೆ" ಅಂತ ಮೇಜಿನ ಮೇಲೆ ಬಗ್ಗಿ ಕೈ ಚಾಚಿದಳು. ಎಲ್ಲರೂ ಮತ್ತೆ ಗೊಳ್ಳೆಂದರು. ನನ್ನ ಕಿವಿ ಸುಟ್ಟುಹೋಯಿತು. "ಸುಮ್ಕಿರವ್ವ! ಎಬ್ಬೆಟ್ಟೂ ಇಲ್ದೋಳು ನೀನು!" ಅಂದೆ. ಜೋರಾಗಿಯೇ ಅಂದೆ.

ರುಜು ಬಾರದವರನ್ನು ಹೆಬ್ಬೆಟ್ಟು ಅಂತ ಹೀಯಾಳಿಸುವುದು ನಿಮಗೆ ಗೊತ್ತು. ಹೆಬ್ಬೆಟ್ಟೂ ಇಲ್ಲದವಳು ಅನ್ನುವ ಬೈಗುಳ ಮಾತ್ರ ನಾನೇ ಹುಟ್ಟಿಸಿದ್ದು, ಅದೂ ಹೆತ್ತವಳಿಗೆ. ನಗು ನಿಂತುಹೋಯಿತು. ಅವ್ವ ಚಾಚಿದ ಕೈಯನ್ನು ಮೆಲ್ಲಗೆ ಸೆರಗಿನೊಳಕ್ಕೆ ಎಳೆದುಕೊಂಡಳು, ಮಸಿ ಸೀರೆಗೆ ಮೆತ್ತಿಕೊಂಡಿತು. ಗುಮಾಸ್ತರು, ಹೊರಗೆ ಹೋಗಿ ಕೈ ಒರೆಸಿಕೋ ತಾಯಿ ಅಂತ ಅವಳನ್ನು ಕಳಿಸಿ, ನನ್ನನ್ನು ಹತ್ತಿರ ಕರೆದರು. "ಅಂಗೆಲ್ಲ ತಾಯೀನ ಅನ್ಬಾರ್ದು ಕಣಮ್ಮ. ನಾನೇನೋ ತಮಾಸೆಗಂದೆ. ಊರ್ನಲ್ಲಿ ರುಜು ಬರೋ ಇಬ್ರ ಕೈಲಿ ಸಾಕ್ಷಿ ಹಾಕುಸ್ಕೊಂಡು, ಬರೋ ಸೋಮ್ವಾರ ನಿಮ್ಮವ್ವನ್ನ ಕರ್ಕೊಂಡ್ ಬಾ. ಸೀಟು ನಿಂದೇ" ಅಂತ ಫಾರಂ ಮಡಿಸಿ ನನ್ನ ಕೈಗೆ ಕೊಟ್ಟರು. ಇಷ್ಟೇ ಕೆಲಸ ಇದ್ದದ್ದು. ಎರಡು ರುಜು, ಒಂದು ಸೋಮವಾರ.

ಹೊರಗೆ ಅವ್ವ ಗೋಡೆಗೆ ಬೆರಳು ಒರೆಸುತ್ತ ನಿಂತಿದ್ದಳು. ಅಲ್ಲಿಗೆ ಬಂದವರೆಲ್ಲ ಒರೆಸಿ ಒರೆಸಿ ಆ ಗೋಡೆ ತುಂಬ ಕಪ್ಪು ಗುರುತು. "ಏನಂದ್ರು ಮಗಾ?" ಅಂದಳು. ಆ ಬೆಂಚಿನ ಮುಂದೆ, ಆ ಕೆಂಪು ಟೇಪಿನವಳ ಮುಂದೆ, ಈ ಹೆಂಗಸಿನ ಜೊತೆ ಇನ್ನೊಮ್ಮೆ ನಡೆದು ಹೋಗುವುದನ್ನು ನೆನೆದೆ. "ಆಗಕ್ಕಿಲ್ವಂತೆ. ಗೆರೆ ಇರೋ ಎಬ್ಬೆಟ್ಟೇ ಬೇಕಂತೆ" ಅಂದೆ. ಅಷ್ಟೇ ಹೇಳಿದ್ದು. ಅವ್ವ ನನ್ನನ್ನು ಬೈಯಲಿಲ್ಲ, ಆಡಿದ ಮಾತಿನ ಸುದ್ದಿಯೇ ಎತ್ತಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ತನ್ನ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದವಳು ನಮ್ಮೂರು ಹತ್ತಿರ ಬಂದಾಗ, "ಮಗಾ, ಉಗ್ರು ಕತ್ರುಸುದ್ರೆ ಬೆಳೀತದೆ, ಗಾಯ ಆದ್ರೆ ಮಾಯ್ತದೆ. ಗೆರೆ ಯಾಕ್ ಬೆಳ್ಯಕ್ಕಿಲ್ಲ?" ಅಂದಳು.

ಮಾರನೇ ದಿನದಿಂದ ಅವ್ವ ಉಪ್ಪುಕಾಗದವನ್ನು ಬೆರಳಲ್ಲಿ ಹಿಡಿಯಲಿಲ್ಲ. ಹಾಗಂತ ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಬೆರಳ ಬದಲು ಹಿಡಿದುಕೊಳ್ಳುವ ಒಂದು ಸಾಧನ ಮಾಡಲು ಕೂತಳು. ಗೇಣುದ್ದದ ಎರಡು ಹಲಗೆ ಚೂರು ತಗೊಂಡು ಒಂದೊಂದರ ಒಳಮೈಯಲ್ಲೂ ತಾತನ ಉಳಿಯಿಂದ ಉದ್ದಕ್ಕೆ ಕಾಲುವೆ ತೋಡಿದಳು, ಪೆನ್ನಿನ ಹಿಡಿ ಅರ್ಧ ಮುಳುಗುವಷ್ಟು. ಹಿಂದಿನ ತುದಿಗೆ ಹಳೆ ಮೆಟ್ಟಿನ ತೊಗಲಿನ ತುಂಡಿಟ್ಟು ಎರಡನ್ನೂ ಸೇರಿಸಿ ಮೊಳೆ ಹೊಡೆದಳು. ಅದೇ ಕೀಲು. ಕಾಲುವೆಗೆ ರಾಗಿ ಗಂಜಿ ಬಳಿದು ಉಪ್ಪುಕಾಗದ ಅಂಟಿಸಿದಳು. ಮೊದಲ ದಿನವೇ ಮರದ ಬಿಸಿಗೆ ಗಂಜಿ ಒಣಗಿ ಕಾಗದ ಹಾರಿಹೋಗಿ ತಾತನ ಮೂಗಿಗೆ ಹೊಡೆಯಿತು. ಹುಣಸೆಬೀಜ ನೆನೆಹಾಕಿ ಅರೆದು ಅಂಟು ಕಾಯಿಸಿದಳು. ಈಗ ಕಾಗದ ನಿಂತಿತು, ಆದರೆ ಹಲಗೆ ಗಟ್ಟಿ, ಮರದ ಮೈತುಂಬ ಬಳೆ ಬಳೆಯಾಗಿ ಗೀರು ಬಿತ್ತು. "ಬೆರ್ಳಿಗೆ ತಿಳ್ಯೋದು ಅಲ್ಗೆಗೆ ತಿಳ್ದದೇನವ್ವ?" ಅಂತ ತಾತ ನಕ್ಕ. ಅವ್ವ ಒಂದು ಗಳಿಗೆ ಯೋಚಿಸಿ, ಎದ್ದು ಹೋಗಿ ತನ್ನ ಹಾಸಿಗೆಯ ಕಂಬಳಿಯ ಅಂಚು ಕತ್ತರಿಸಿ ತಂದಳು. ಹಲಗೆಗೂ ಕಾಗದಕ್ಕೂ ನಡುವೆ ಕಂಬಳಿ ಇಟ್ಟಳು. ಕಂಬಳಿ ಬೆರಳ ಮಾಂಸದ ಹಾಗೆ ಅಮುಕಿಕೊಂಡು, ಮರದ ಉಬ್ಬು ತಗ್ಗಿಗೆಲ್ಲ ಬಾಗಿತು. ಅದನ್ನು ಬಾಯಿ ತೆಗೆಸಿ, ತಿರುಗುವ ಹಿಡಿಯನ್ನು ಕಚ್ಚಿಸಿ, ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಎಳೆದಳು. ಹಿಡಿ ಹೊರಗೆ ಬಂದಾಗ ತಾತನೇ ತಗೊಂಡು ಕೆನ್ನೆಯ ಮೇಲೆ ಉರುಳಿಸಿದ. ಇನ್ನೊಂದು ಹಿಡಿ ಸಿಕ್ಕಿಸಿ ಹಲಗೆ ತುಳಿಯತೊಡಗಿದ. ಬಾಯಿ ತೆಗೆದು ಕಚ್ಚುತ್ತದಲ್ಲ, ಮೊಸಳೆ ಇದ್ದ ಹಾಗಿದೆ ಅಂತ ನಾನೇ ಅಂದದ್ದು. ಅವ್ವನಿಗೆ ಆ ಹೆಸರು ಎಷ್ಟು ಹಿಡಿಸಿತು ಅಂದರೆ, ಬಂದವರಿಗೆಲ್ಲ "ನನ್ ಮಗ್ಳು ಇಟ್ಟ ಎಸ್ರು" ಅನ್ನುವಳು. ಒಂದೊಂದು ಕಾಗದಕ್ಕೆ ಒಂದೊಂದರಂತೆ ಮೂರು ಮೊಸಳೆ ಮಾಡಿದಳು. ಅವು ಜಗಲಿಯ ಮೊಳೆಗೆ ಸಾಲಾಗಿ ನೇತಾಡುತ್ತಿದ್ದವು. ನಾನು ಅವುಗಳ ಕಡೆ ಬೆನ್ನು ಮಾಡಿ ಕೂರುತ್ತಿದ್ದೆ.

ಹೆಬ್ಬೆರಳಿಗೆ ಹರಳೆಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡಳು. ಪಾತ್ರೆ ತಿಕ್ಕುವಾಗ ಆ ಬೆರಳು ಹೊರಗೆ. ಉಪ್ಪು, ಹುಳಿ, ಬಿಸಿ ತಾಕಿದರೆ ಚಿಗುರು ಗೆರೆ ಸುಟ್ಟುಹೋದಾವು ಅಂತ ಉಣ್ಣುವಾಗಲೂ ಹೆಬ್ಬೆರಳನ್ನು ಮೇಲೆ ಎತ್ತಿ ಹಿಡಿದು ನಾಲ್ಕೇ ಬೆರಳಲ್ಲಿ ಉಣ್ಣುತ್ತಿದ್ದಳು. ಮುದ್ದೆಯನ್ನು ಹೇಗೋ ಮುರಿದುಕೊಳ್ಳಬಹುದು, ಅನ್ನ ನಿಲ್ಲುತ್ತದೆಯೇ? ತಟ್ಟೆಯ ಸುತ್ತ ಅಗುಳು ಚೆಲ್ಲಿರುತ್ತಿತ್ತು. ದಿನಾ ಅದನ್ನು ಗುಡಿಸುವವಳು ನಾನು. ಬೆಳಿಗ್ಗೆ ಗಾಜಿನ ಹೆಂಚಿನಿಂದ ಬೆಳಕು ಬೀಳುವ ಕಡೆ ಕೂತು ಬಟ್ಟೆ ಬಿಚ್ಚಿ, ನನ್ನನ್ನು ಕರೆಯುವಳು. "ನೀನು ಓದೋಳಲ್ವಾ, ನೋಡ್ ಮಗಾ, ಏನಾರ ಮೂಡ್ಯದಾ?" ನಾನು ಅವಳ ಹೆಬ್ಬೆರಳು ಹಿಡಿದು ಓದಬೇಕಿತ್ತು. ಸೋಮವಾರ ಕಳೆಯಿತು, ಇನ್ನೊಂದು ಸೋಮವಾರ ಕಳೆಯಿತು. ಎಳೆ ಹುಲ್ಲಿನ ಹಾಗೆ ಅಲ್ಲೊಂದು ಇಲ್ಲೊಂದು ಗೆರೆ ನನಗೆ ಕಂಡಿತ್ತು. ಏನೂ ಇಲ್ಲ ಅನ್ನುತ್ತಿದ್ದೆ.

ಒಂದು ತಿಂಗಳಾಗಿರಬೇಕು. ಮಧ್ಯಾಹ್ನ ನಾನು ಹೊಳೆಯಿಂದ ನೀರು ತಂದಾಗ ಅವ್ವ ಮದುವೆಯ ಸೀರೆ ಉಟ್ಟು ಜಗಲಿಯ ಮೇಲೆ ನಿಂತಿದ್ದಳು. ಸೆರಗಿನ ಮಸಿ ಕಲೆ ಹೋಗಿರಲಿಲ್ಲ, ಅದನ್ನು ಮಡಿಕೆಯೊಳಕ್ಕೆ ಸೇರಿಸಿದ್ದಳು. ಬಾಗಿಲ ಪಕ್ಕದ ಸುಣ್ಣದ ಗೋಡೆ ತೋರಿಸಿದಳು. ಮಡಕೆಯ ಮಸಿ ಹಚ್ಚಿ ಒತ್ತಿದ್ದಳು. ಗೆರೆ! ಕೊಯ್ದ ಮರದ ಉಂಗುರದ ಹಾಗೆ ಒಂದರೊಳಗೊಂದು, ಒಂದರೊಳಗೊಂದು. "ಬಂದದೆ ನೋಡು ಮಗಾ! ನಡಿ, ಎರಡ್ ಗಂಟೆ ಬಸ್ಗೇ ಓಗನ" ಅಂದಳು. ನಾನು ಕೊಡ ಕೆಳಗಿಡದೆಯೇ ಹೇಳಿದೆ. "ಸೀಟು ತುಂಬೋಯ್ತಂತೆ ಕಣವ್ವ. ಮೇಷ್ಟ್ರು ಅಂದ್ರು." ಮೇಷ್ಟ್ರು ರಜೆಗೆ ತಮ್ಮೂರಿಗೆ ಹೋಗಿ ಹದಿನೈದು ದಿನವಾಗಿತ್ತು. ಸೀಟು ತುಂಬಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ, ನಾನು ಯಾರನ್ನೂ ಕೇಳಿರಲೇ ಇಲ್ಲ. ಅವ್ವ ಗೋಡೆಯನ್ನು ನೋಡಿದಳು, ಬೆರಳನ್ನು ನೋಡಿಕೊಂಡಳು. "ಇನ್ನೊಂದ್ ಎಂಟ್ ದಿನ ಮುಂಚೆ ಮೂಡಿದ್ರೆ ಆಯ್ತಿತ್ತಲ್ಲ ನನ್ನಪ್ಪ" ಅಂತ ಬೆರಳಿಗೇ ಹೇಳಿ, ಒಳಗೆ ಹೋಗಿ ಸೀರೆ ಬದಲಿಸಿದಳು.

ನಮ್ಮ ಕಡೆ ಹಕಾರ ನುಂಗಿ ಮಾತಾಡುತ್ತೇವೆ. ಓದ್ಲು ಅಂದರೆ ಓದಿದಳು ಅಂತಲೂ ಆಗುತ್ತದೆ, ಹೋದಳು ಅಂತಲೂ ಆಗುತ್ತದೆ. ನನ್ನ ಮದುವೆಯಲ್ಲಿ ಗಂಡಿನ ಕಡೆಯವರು "ನಿಮ್ ಮಗ್ಳು ಓದ್ಲಾ?" ಅಂತ ಕೇಳಿದಾಗ ಅವ್ವ, "ಓದ್ನಿಲ್ಲ ಕಣವ್ವ, ಓಗಕ್ಕೆ ನನ್ ಎಬ್ಬೆಟ್ಟು ಬುಡ್ನಿಲ್ಲ. ಅವ್ಳ ಓದ ನಾನೇ ತಿಂದ್ಬುಟ್ಟೆ" ಅಂದಳು. ಅಲ್ಲಿಂದಾಚೆ ಕೇಳಿದವರಿಗೆಲ್ಲ ಅದೇ ಉತ್ತರ. ಪಕ್ಕದಲ್ಲಿ ನಿಂತು ನಾನು ಎಷ್ಟು ಸಲ ಕೇಳಿಸಿಕೊಂಡೆನೋ. ಒಂದು ಸಲವೂ ಬಾಯಿ ಬಿಡಲಿಲ್ಲ. ಮೊದಲು ನಾಚಿಕೆಗೆ ಸುಳ್ಳು ಹೇಳಿದೆ, ಆಮೇಲೆ ಸುಳ್ಳಿಗೆ ನಾಚಿ ಸುಮ್ಮನಾದೆ. ತಾತ ಹೋದ ಮೇಲೆ ತಿರುಗಣಿ ನಿಂತಿತು. ಅವ್ವ ಕೂಲಿಗೆ ಹೋದರೂ ಆ ಬೆರಳನ್ನು ಮಾತ್ರ ಜೋಪಾನ ಮಾಡುತ್ತಿದ್ದಳು. ಯಾಕವ್ವ ಅಂದರೆ, "ಯಾವತ್ ಯಾರ್ಗೆ ಬೇಕಾಯ್ತದೋ" ಅನ್ನುವಳು. ಕೊನೆಯ ದಿನಗಳಲ್ಲಿ ನಾನು ಅವಳ ಕೈ ಹಿಡಿದು ಕೂತಿರುತ್ತಿದ್ದೆ. ಹೇಳಲು ಆಗ ಬೇಕಾದಷ್ಟು ಹೊತ್ತಿತ್ತು. ಗೆರೆಗಳು ನನ್ನ ಅಂಗೈಗೆ ತಾಕುತ್ತಿದ್ದವು. ಆಗಲೂ ಹೇಳಲಿಲ್ಲ. ಈಗ ಆ ಮನೆ ಇಲ್ಲ, ಜಗಲಿ ಇಲ್ಲ, ಅಲ್ಲಿ ಯಾರದೋ ಸಿಮೆಂಟು ಗೋಡೌನು ಇದೆ. ಆ ಸುಣ್ಣದ ಗೋಡೆಯ ಮೇಲೆ ಅವ್ವನ ಹೆಬ್ಬೆಟ್ಟು ಬಹಳ ವರ್ಷ ಇತ್ತು. ಹಬ್ಬಕ್ಕೆ ಸುಣ್ಣ ಬಳಿಯುವಾಗ ಅವಳು ಅಷ್ಟು ಜಾಗ ಬಿಟ್ಟು ಬಳಿಯುತ್ತಿದ್ದಳು.

ಇದೆಲ್ಲ ಎದೆಯಲ್ಲಿಟ್ಟುಕೊಂಡೇ ಹೋದ ತಿಂಗಳು ನಾನು ಸಿಂಚನಳ ಮುಂದೆ ಹವಾಯಿ ಚಪ್ಪಲಿ ಕುಯ್ಯಲು ಕೂತೆ. ಹಲಗೆ ಸಿಗಲಿಲ್ಲ. ಅವಳೇ ನೀರಿನ ಪ್ಲಾಸ್ಟಿಕ್ ಪೈಪಿನ ತುಂಡು ತಂದು ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿದಳು. ಕಾಲುವೆ ತೋಡುವ ಕಷ್ಟವೇ ಇಲ್ಲ. ಕಂಬಳಿಯ ಬದಲು ಚಪ್ಪಲಿಯ ಮೆತ್ತನೆ ರಬ್ಬರನ್ನು ತೆಳ್ಳಗೆ ಕುಯ್ದು ಒಳಗೆ ಕೂರಿಸಿದೆ. ಹುಣಸೆ ಅಂಟಿನ ಬದಲು ಎರಡು ಕಡೆಯೂ ಅಂಟುವ ಟೇಪು. ಕೀಲಿಗೆ ಚಪ್ಪಲಿಯದೇ ಪಟ್ಟಿ. ಪೆನ್ನಿನ ಹೊಟ್ಟೆಗೆ ಅಗಲದ ಮೊಸಳೆ, ಕತ್ತಿಗೆ ಸಣ್ಣದು. "ಅಜ್ಜೀ, ನೀನು ಇಂಜಿನಿಯರ್ ಆಗ್ಬೇಕಿತ್ತು ಕಣೇ" ಅಂತ ಅವಳು ನನ್ನ ಕೆನ್ನೆ ಹಿಂಡಿದಾಗ ನನಗೆ ಚಪ್ಪಲಿಯಲ್ಲಿ ಹೊಡೆದ ಹಾಗಾಯಿತು. ಬೆರಳಿಗೆ ಹರಳೆಣ್ಣೆ ಹಚ್ಚಿ ಬಟ್ಟೆ ಸುತ್ತಿದೆ, ದಿನಾ ಬೆಳಿಗ್ಗೆ ಕಿಟಕಿಯ ಬಳಿ ಕರೆದು ನೋಡಿದೆ. ಈ ಸಲ ಗೆರೆ ಕಂಡ ದಿನವೇ, ಕಂಡಿತು ಅಂತ ಹೇಳಿದೆ.

ನಿನ್ನೆ ಸಂಜೆ ಹಬ್ಬ ನಮ್ಮ ಮನೆಯಲ್ಲಿ. ಮಗಳು ಒತ್ತುಶಾವಿಗೆ ಒತ್ತಿದಳು, ನಾನು ಕಾಯಿ ತುರಿದು ಬೆಲ್ಲ ಹಾಕಿ ಕಾಯಿಹಾಲು ಮಾಡಿದೆ. ನಡುಮನೆಯಲ್ಲಿ ನಾಲ್ವರೂ ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಕೂತೆವು. ಸಿಂಚನ ಒಂದೇ ಸಮ ಮಾತಾಡುತ್ತಿದ್ದಳು. ಅವಳ ಜೊತೆಯವರೂ ಮೊಸಳೆ ಮಾಡಿಕೊಂಡರಂತೆ. ಸೂಪರ್‌ವೈಜರು ಅದಕ್ಕೆ ಅಜ್ಜಿ ಮೊಸಳೆ ಅಂತ ಹೆಸರಿಟ್ಟು ಗೋಡೆಗೆ ನೇತುಹಾಕಿಸಿದ್ದಾನಂತೆ. "ನಮ್ಮತ್ತೆ ಬುರುಡೆ ಅಂದ್ರೆ ಸುಮ್ನೆನಾ! ಏಳ್ನೇ ಕ್ಲಾಸ್ಗೇ ಇಷ್ಟು, ಇನ್ನು ನಾಕಕ್ಷರ ಓದಿದ್ರೆ ಕಾರ್ಖಾನೇನೇ ಕಟ್ಬುಡೋರು" ಅಂತ ಅಳಿಯ ನಕ್ಕ. ಅಜ್ಜಿ ಮೊಸಳೆ! ನನ್ನ ಓದನ್ನು ನಾನೇ ತಿಂದು ಅವ್ವನ ತಲೆಗೆ ಕಟ್ಟಿದವಳು, ಈಗ ಅವಳ ಮೊಸಳೆಯನ್ನೂ ತಿನ್ನುತ್ತಿದ್ದೆ. "ಅದು ನಂದಲ್ಲ, ನಮ್ಮವ್ವಂದು. ಚಿಕ್ಕತಾಯಮ್ಮ ಅಂತ ಬರ್ಸು ಮಗಾ" ಅಂದೆ. "ಹೌದಾ? ಅವರು ಯಾಕೆ ಮಾಡಿದ್ರು ಅಜ್ಜಿ?" ಅಂತ ಸಿಂಚನ ಕೇಳಿದಳು.

ಹೇಳಿದೆ. ಬೆಂಚು, ಬೊಟ್ಟು, ನಾನು ಅಂದ ಮಾತು, ಸೋಮವಾರ, ಸುಣ್ಣದ ಗೋಡೆ, ಎಲ್ಲ ಹೇಳಿದೆ. ಬಾಯಿ ತೆಗೆದದ್ದೇ ಗೊತ್ತು, ನಿಲ್ಲಿಸಲು ಆಗಲಿಲ್ಲ. ಅಳಿಯ ತಟ್ಟೆ ನೋಡುತ್ತ ಕೂತ. ಮಗಳು, "ಅಜ್ಜಿ ಸಾಯೋಗಂಟ ತನ್ದೇ ತಪ್ಪು ಅನ್ಕೊಂಡಿದ್ಲಲ್ಲವ್ವ..." ಅಂದಳು. ಊಂ ಅಂದೆ. ಹೋಗಲಿ ಬಿಡು, ಚಿಕ್ಕವಳಿದ್ದೆ ಅಂತ ಯಾರೂ ಅನ್ನಲಿಲ್ಲ. ಹಾಗೆ ಅನ್ನದೇ ಇದ್ದದ್ದು ನನಗೆ ಒಳ್ಳೆಯದೇ ಆಯಿತು.

ಸಿಂಚನ ತಟ್ಟೆಯನ್ನು ನನ್ನ ಕಡೆ ಸರಿಸಿ, "ಆರೋಗ್ತದೆ, ಉಣ್ಣಜ್ಜಿ" ಅಂದಳು. ಉಂಡೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. "ಅಜ್ಜಿ, ಯಾಕೆ ಹೆಬ್ಬೆರಳು ಎತ್ಕೊಂಡಿದೀಯಾ?" ನೋಡಿಕೊಂಡರೆ ಹೌದು, ನನ್ನ ಹೆಬ್ಬೆರಳು ತಟ್ಟೆಗೆ ತಾಕದೆ ನೆಟ್ಟಗೆ ನಿಂತಿತ್ತು, ಕಾಯಿಹಾಲಿನಲ್ಲಿ ನೆನೆದ ಶಾವಿಗೆ ನಾಲ್ಕು ಬೆರಳ ಸಂದಿಯಿಂದ ಜಾರುತ್ತಿತ್ತು. ಇಳಿಸಲು ಹೋದೆ, ಇಳಿಯಲಿಲ್ಲ. ಸಿಂಚನ ಬೆಳಿಗ್ಗೆ ತಾನೇ ಬಿದ್ದ ತನ್ನ ಹೆಬ್ಬೆರಳನ್ನು ಎತ್ತಿ ಹಿಡಿದು, ನಾಲ್ಕು ಬೆರಳಲ್ಲಿ ತುತ್ತು ತಗೊಂಡಳು. ಅವಳನ್ನು ನೋಡಿ ಮಗಳು ಎತ್ತಿದಳು. ಅಳಿಯನೂ ಎತ್ತಿದ, ಅವನ ಮೊದಲ ತುತ್ತು ಬಾಯಿ ಮುಟ್ಟುವ ಮುಂಚೆಯೇ ಪಂಚೆಯ ಮೇಲೆ ಬಿತ್ತು. ಯಾರೂ ನಗಲಿಲ್ಲ, ಆಮೇಲೆ ಎಲ್ಲರೂ ನಕ್ಕೆವು. ಅವ್ವನ ತಟ್ಟೆಯ ಸುತ್ತ ಚೆಲ್ಲಿರುತ್ತಿದ್ದ ಹಾಗೆಯೇ ನಮ್ಮ ನಾಲ್ಕು ತಟ್ಟೆಯ ಸುತ್ತಲೂ ಚೆಲ್ಲಿತು. ಮಗಳು ಬಟ್ಟೆ ತರಲು ಏಳಹೋದಳು. "ಕುಂತ್ಕೊ, ಉಣ್ಣು" ಅಂದೆ. "ಅದ ಗುಡ್ಸೋಳು ನಾನು."